40 ಮೀಟರ್ ಬ್ಯಾಂಡಿನ ಗೊರ್‌ಗೊರ್: ಬೆಟಗೇರಿಯಲ್ಲಿ ಸದ್ದಿನ ಮೂಲ ಹಿಡಿದದ್ದು

ಯುಗಾದಿ ದಾಟುತ್ತಿದ್ದಂತೆ ನಮ್ಮ ಮನೆಯಲ್ಲಿ 40 ಮೀಟರ್ ಬ್ಯಾಂಡು ಹೆಚ್ಚೂಕಡಿಮೆ ಮುಚ್ಚಿಹೋಯಿತು. 7.0ರಿಂದ 7.2 ಮೆಗಾಹರ್ಟ್ಸ್ ಅಂದರೆ ನಮ್ಮ ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ಬೆಳಗ್ಗೆ ಚಹಾ ಹಿಡಿದು ಕೂತು ಮಾತಾಡುವ ಜಾಗ. ಅಲ್ಲಿ ಎಲ್ಲಿ ಟ್ಯೂನ್ ಮಾಡಿದರೂ ಸಿಗ್ನಲ್ಲಿನ ಬಲ ತೋರಿಸುವ ಎಸ್-ಮೀಟರಿನ ಮುಳ್ಳು 9 ಬಿಟ್ಟು ಕೆಳಗಿಳಿಯದು. ಎಸ್9 ಅಂದರೆ ರಿಸೀವರಿನ ಬಾಯಿಗೆ 50 ಮೈಕ್ರೋವೋಲ್ಟ್. ಬೆಳಗಾವಿ, ಶಿವಮೊಗ್ಗ ಕಡೆಯವರು ಮಾಳಿಗೆ ಮೇಲಿನ ನನ್ನ ಡೈಪೋಲ್ ಆಂಟೆನಾಕ್ಕೆ ಮಾಮೂಲಿಯಾಗಿ ಎಸ್7, ಎಸ್8ರಲ್ಲಿ ಬರುವವರು. ಅವರೆಲ್ಲ ಸದ್ದಿನ ತಳಕ್ಕೆ ಸೇರಿಹೋದರು. ನಾನು ಕರೆದದ್ದು ಅವರಿಗೆ ಸ್ಪಷ್ಟ ಕೇಳುತ್ತದೆ, ಅವರ ಉತ್ತರ ನನಗೆ ಕೇಳುವುದಿಲ್ಲ. "ಏನ್ರೀ, ಬರೇ ಕರೀತೀರಿ, ಉತ್ರಾ ಕೊಟ್ರ ಸುಮ್ನ ಆಗ್ತೀರಲ್ಲ" ಅಂತ ಹಿರಿಯರೊಬ್ಬರು ಫೋನ್ ಮಾಡಿ ಬೈದೂ ಆಯಿತು.

ನಮ್ಮ ಓಣಿಯಲ್ಲಿ ರೇಡಿಯೋ ಸದ್ದು ಮಾಡದ ವಸ್ತು ಹುಡುಕುವುದೇ ಕಷ್ಟ. ಮನೆಗೊಂದು ಇನ್ವರ್ಟರ್, ಅಂಗಡಿಗೊಂದು ಸಿಸಿ ಕ್ಯಾಮೆರಾ, ಮಗ್ಗದ ಶೆಡ್ಡುಗಳಲ್ಲಿ ಎಲ್‌ಇಡಿ ಟ್ಯೂಬು, ತಲೆ ಮೇಲೆ 11 ಕೆವಿ ಲೈನು, ಅದರಾಚೆ ಗದಗ ಜಂಕ್ಷನ್ನಿನ ಹಳಿಗಳ ಮೇಲೆ 25 ಕೆವಿ ತಂತಿ. ಇಂಥ ಕಡೆ ಆಂಟೆನಾ ಹೊತ್ತು ಬೀದಿಗಿಳಿದರೆ ಸುಮ್ಮನೆ ಬಿಸಿಲು ಕುಡಿದು ಬರಬೇಕು. ಮೊದಲು ಕುರ್ಚಿಯಲ್ಲೇ ಕೂತು ಕೇಳುವ ಕೆಲಸ ಮುಗಿಸಬೇಕು.

ಕೇಳಿದಾಗ ಗೊತ್ತಾಗಿದ್ದು, ಸದ್ದು ಒಂದಲ್ಲ, ಎರಡು.

ಒಂದು ದಪ್ಪನೆಯ ಗೊರ್. ಬ್ಯಾಂಡಿನ ಉದ್ದಕ್ಕೂ ಒಂದೇ ಸಮ, 14 ಮೆಗಾಹರ್ಟ್ಸ್‌ಗೆ ಹೋದರೂ ಇದೆ, 28ಕ್ಕೆ ಹೋದರೂ ಸಣ್ಣಗೆ ಇದೆ. ಮಧ್ಯಾಹ್ನದ ಒಣ ಬಿಸಿಲಿಗೆ ಜೋರು, ಗಾಳಿ ಬೀಸಿದರೆ ತಡೆತಡೆದು ಬರುತ್ತದೆ, ಅಡ್ಡಮಳೆ ನಾಲ್ಕು ಹನಿ ಬಿದ್ದರೆ ಬಾಯಿ ಮುಚ್ಚುತ್ತದೆ. ಇದು ಕರೆಂಟ್ ಲೈನಿನ ಕಿಡಿಯ ಲಕ್ಷಣ. ಲೈನಿನಲ್ಲಿ ಎಲ್ಲೋ ಎರಡು ಲೋಹಗಳ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. 50 ಹರ್ಟ್ಸ್ ಕರೆಂಟು ಪ್ರತಿ ಸುತ್ತಿನಲ್ಲಿ ಎರಡು ಸಲ ತುದಿ ಮುಟ್ಟುತ್ತದೆ, ಎರಡೂ ಸಲ ಆ ಸಂದಿನಲ್ಲಿ ಕಿಡಿ ಹಾರುತ್ತದೆ. ಸೆಕೆಂಡಿಗೆ 100 ಸಲ. ನಮ್ಮ ಕಿವಿಗೆ ಗೊರ್ ಅನ್ನಿಸುವುದು ಆ 100. ಮಳೆ ನೀರು ಸಂದಿಗೆ ಇಳಿದರೆ ಕಿಡಿಗೆ ಜಾಗವೇ ಇರುವುದಿಲ್ಲ. ಬಿರುಕು ಬಿಟ್ಟ ಅಥವಾ ಹೊಲಸು ಕೂತ ಪಿಂಗಾಣಿ ಇನ್ಸುಲೇಟರಿನದಾದರೆ ಇದರ ತಿರುವುಮುರುವು, ಇಬ್ಬನಿ ಬಿದ್ದಾಗಲೇ ಹೆಚ್ಚು ಕೂಗುತ್ತದೆ. ಹಾಗಾಗಿ ನನ್ನದು ಸಡಿಲ ಜೋಡಣೆಯದು ಅಂತ ಮನೆಯಲ್ಲಿ ಕೂತೇ ಬರೆದಿಟ್ಟುಕೊಂಡೆ.

ಎರಡನೆಯದು ಬೇರೆ ಜಾತಿ. ಸುಮಾರು 65 ಕಿಲೋಹರ್ಟ್ಸ್‌ಗೊಂದರಂತೆ ಮಗ್ಗದ ಹಣಿಗೆಯ ಹಲ್ಲಿನ ಹಾಗೆ ಸಾಲಾಗಿ ನಿಂತ ಉಬ್ಬುಗಳು. ಒಂದೊಂದೂ ಅಗಲ, ಒರಟು, ಬಿಸಿಯಾದಂತೆ ಮೆಲ್ಲಗೆ ಸರಿಯುತ್ತವೆ. ನಸುಕಿನಲ್ಲಿ ಸುರು, ಹೊತ್ತೇರಿದ ಮೇಲೆ ಮಾಯ, ಸಂಜೆಗೆ ಮತ್ತೆ ಹಾಜರ್. ಇದು ಸ್ವಿಚಿಂಗ್ ಸಪ್ಲೈನ, ಅಂದರೆ ಚಾರ್ಜರು, ಎಲ್‌ಇಡಿ ಲೈಟುಗಳ ಒಳಗೆ ಕರೆಂಟನ್ನು ಬೇಗಬೇಗ ಹತ್ತಿಸಿ ಆರಿಸುವ ಸರ್ಕ್ಯೂಟಿನ ಕೆಲಸ. ಗೊರ್ ಹೋಗುವವರೆಗೆ ಇದರ ತಂಟೆಗೆ ಹೋಗುವುದು ಬೇಡ ಅಂತ ಬಿಟ್ಟೆ.

ಮನೆಯ ಮೇನ್ ಸ್ವಿಚ್ ಇಳಿಸಿ ನೋಡುವುದು ಎಲ್ಲರೂ ಹೇಳುವ ಮಾತು. ರಿಗ್ಗು (ರೇಡಿಯೋ ಸೆಟ್ಟು) 12 ವೋಲ್ಟ್ ಬ್ಯಾಟರಿ ಮೇಲೆ ಓಡುತ್ತಿರಬೇಕು, ಇನ್ವರ್ಟರಿನದ್ದೂ ಸ್ವಿಚ್ ತೆಗೆದಿರಬೇಕು. ಬ್ರಾಡ್‌ಬ್ಯಾಂಡ್ ಡಬ್ಬಿಯ ಅಡಾಪ್ಟರು ಒಂದಿಷ್ಟು ಗಲೀಜು ಮಾಡುತ್ತಿತ್ತು, ಬದಲಾಯಿಸಿದೆ. ಗೊರ್ ಮಾತ್ರ ಅಲ್ಲಾಡಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಸಿಕ್ಕಿದ್ದು ಇಡೀ ಫೀಡರಿನ, ಅಂದರೆ ನಮ್ಮ ಭಾಗಕ್ಕೆಲ್ಲ ಕರೆಂಟು ತರುವ ಲೈನಿನ, ಕರೆಂಟು ಹೋದಾಗ. ಊರು ಬೈಯುತ್ತದೆ, ನಾನು ಹೆಡ್‌ಫೋನ್ ಏರಿಸುತ್ತೇನೆ. ಮುಳ್ಳು 9ರಿಂದ ಧಡಕ್ಕನೆ 3ಕ್ಕೆ. ಆದರೆ ಆ ಸುಖ ಎರಡು ಉಸಿರಿನದು. ಅಷ್ಟರಲ್ಲಿ ಓಣಿಯ ಇನ್ವರ್ಟರುಗಳೆಲ್ಲ ಎದ್ದು 5, 6ಕ್ಕೆ ತರುತ್ತವೆ. ಕರೆಂಟು ಹೋದ ಗಳಿಗೆಯಲ್ಲಿ ಕೇಳಿದ್ದಷ್ಟೇ ಲೆಕ್ಕ.

ಇನ್ನೊಂದು ಕೆಲಸ ಕುರ್ಚಿಯಲ್ಲೇ ಮಾಡುವಂಥದ್ದು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಸದ್ದಿನ ಬೆರಳಚ್ಚು ತೆಗೆದಿಡುವುದು. ರಿಗ್ಗನ್ನು ಎಎಂಗೆ ಹಾಕಿ, ಫಿಲ್ಟರ್ ಅಗಲ ಮಾಡಿ, ಎಜಿಸಿ (ದನಿಯನ್ನು ತಾನಾಗಿ ಸಮ ಮಾಡುವ ಏರ್ಪಾಡು) ತೆಗೆದು, ಆಡಿಯೋವನ್ನು ಕಂಪ್ಯೂಟರಿಗೆ ಕೊಟ್ಟು ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿ ನೋಡಿದರೆ 10 ಮಿಲಿಸೆಕೆಂಡಿಗೊಂದು ಗುಂಪು ಕಾಣುತ್ತದೆ. ನನ್ನದರಲ್ಲಿ ಒಂದು ಗುಂಪಿಗೆ ಐದು ಮುಳ್ಳು, ಮುಂದಿನದಕ್ಕೆ ಮೂರು, ಮತ್ತೆ ಐದು, ಮತ್ತೆ ಮೂರು. ಸಂದಿನ ಅಗಲ, ಲೋಹದ ಆಕಾರಕ್ಕೆ ತಕ್ಕಂತೆ ಈ ಎಣಿಕೆ ಬದಲಾಗುತ್ತದೆ. ಎರಡು ಕಡೆ ಕಿಡಿಯಿದ್ದರೆ ಎರಡು ನಮೂನೆ ಒಂದರ ಪಕ್ಕ ಒಂದು ಕಾಣುತ್ತವೆ. ಬೇರೆ ಬೇರೆ ಫೇಸಿನಲ್ಲಿದ್ದರೆ ನಡುವೆ 3.3 ಮಿಲಿಸೆಕೆಂಡಿನ ಅಂತರ. ನನ್ನದು ಒಂದೇ. ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡೆ. ಬೀದಿಯಲ್ಲಿ ಸಿಗುವ ಪ್ರತಿ ಗೊರ್ ಸದ್ದನ್ನೂ ಇದರ ಪಕ್ಕ ಇಟ್ಟು ನೋಡಬೇಕು, ಇಲ್ಲದಿದ್ದರೆ ಯಾರದೋ ಮನೆಯ ಸದ್ದಿಗೆ ನಾವು ಊರೆಲ್ಲ ತಿರುಗುತ್ತೇವೆ.

ಇನ್ನು ದಿಕ್ಕು. ದಿಕ್ಕು ಹಿಡಿಯುವ ಆಟ ಕಲಿಯಲು ಮನೆಯಲ್ಲಿರುವ ಟ್ರಾನ್ಸಿಸ್ಟರ್ ಸಾಕು. ಹಗಲು ಹೊತ್ತು ಮೀಡಿಯಂ ವೇವ್‌ನಲ್ಲಿ ಆಕಾಶವಾಣಿ ಧಾರವಾಡ, 765 ಕಿಲೋಹರ್ಟ್ಸ್ ಹಿಡಿದು, ರೇಡಿಯೋವನ್ನು ಅಂಗೈ ಮೇಲಿಟ್ಟು ಮೆಲ್ಲಗೆ ತಿರುಗಿಸಿ. ಒಳಗಿನ ಫೆರೈಟ್ ಕಡ್ಡಿಯ ಚೂಪು ತುದಿ ಸ್ಟೇಷನ್ನಿನ ಕಡೆ ತಿರುಗಿದಾಗ ವಾರ್ತೆ ಓದುವವರ ದನಿ ಕುಸಿಯುತ್ತದೆ. ಗದಗದಿಂದ ಧಾರವಾಡ ಹೆಚ್ಚೂಕಡಿಮೆ ನೇರ ಪಡುವಣಕ್ಕೆ, ಹಾಗಾಗಿ ಕಡ್ಡಿ ಪೂರ್ವ-ಪಶ್ಚಿಮ ಮಲಗಿದಾಗ ಈ ಕುಸಿತ ಬರಬೇಕು. ಜೋರು ಇರುವ ಕಡೆ ಅಲ್ಲ, ಕುಸಿಯುವ ಕಡೆ ಕಿವಿಯಿಡುವುದು ಯಾಕೆಂದರೆ ಜೋರು ಅನ್ನುವುದು ಅರ್ಧ ವೃತ್ತದಷ್ಟು ಅಗಲಕ್ಕೆ ಹರಡಿರುತ್ತದೆ, ಕುಸಿತ ಕೆಲವೇ ಡಿಗ್ರಿಯದ್ದು.

7 ಮೆಗಾಹರ್ಟ್ಸ್‌ಗೆ ಇದೇ ತತ್ವದ ಲೂಪ್ ಕಟ್ಟಿದೆ. ಅರ್ಧ ಮೀಟರ್ ವ್ಯಾಸದ ಒಂದೇ ಸುತ್ತು, ದಪ್ಪ ತಾಮ್ರದ ತಂತಿ. ಅದರ ಇಂಡಕ್ಟೆನ್ಸ್ ಒಂದೂವರೆ ಮೈಕ್ರೋಹೆನ್ರಿ ಚಿಲ್ಲರೆ ಬರುತ್ತದೆ, ಟ್ಯೂನ್ ಮಾಡಲು 300 ಪಿಕೋಫ್ಯಾರಡ್ ಆಚೀಚೆ ಬೇಕು. ಹಳೆಯ ವಾಲ್ವ್ ರೇಡಿಯೋದಿಂದ ಕಳಚಿಟ್ಟಿದ್ದ ಗ್ಯಾಂಗ್ ಕಂಡೆನ್ಸರಿನ ಒಂದು ವಿಭಾಗ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಗ್ಯಾಂಗು ಮೇಲುಗಡೆ, ಕೆಳಗೆ ದೊಡ್ಡ ಲೂಪಿನ ಒಳಗೆ ಅಂಟಿಕೊಂಡಂತೆ ಐದನೇ ಒಂದು ಪಾಲಿನ ಚಿಕ್ಕ ಲೂಪು, ಅದು ಕೋಆಕ್ಸ್ ಕೇಬಲಿನದ್ದು, ನಡುಮಧ್ಯ ಜಾಲರಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿದ್ದು. ಈ ಚಿಕ್ಕ ಲೂಪಿನಿಂದ ರಿಸೀವರಿಗೆ ಕೇಬಲ್ ಹೋಗುತ್ತದೆ. ಜಾಲರಿ ಕತ್ತರಿಸುವ ಜಾಗ ಸರಿಯಾಗಿ ನಡುವಿಗೇ ಬರಬೇಕು. ಒಂದು ಪಕ್ಕ ವಾಲಿದರೆ ಲೂಪಿನ ಸಮತೋಲ ತಪ್ಪಿ ಕುಸಿತದ ಗುಂಡಿ ತುಂಬಿಕೊಳ್ಳುತ್ತದೆ, ಲೂಪು ಯಾವ ಕಡೆ ತಿರುಗಿಸಿದರೂ ಒಂದೇ ಥರ ಕೇಳುತ್ತದೆ. ಚೌಕಟ್ಟು ಕಟ್ಟಿಗೆಯದು, ಹಿಡಿಕೆ ಕಸಬರಿಗೆಯ ಪೈಪು.

ರಿಸೀವರು ಬಿಟ್‌ಎಕ್ಸ್40, ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ವಿನ್ಯಾಸ. ಈ ಕೆಲಸಕ್ಕೆ ಅದರ ಬಡತನವೇ ಅನುಕೂಲ: ಎಜಿಸಿ ಇಲ್ಲ. ದುಬಾರಿ ರಿಗ್ಗಿನ ಎಜಿಸಿ ದೊಡ್ಡದನ್ನು ಸಣ್ಣದು ಮಾಡಿ, ಸಣ್ಣದನ್ನು ದೊಡ್ಡದು ಮಾಡಿ ಎಲ್ಲವನ್ನೂ ಸಮ ಮಾಡಿಬಿಡುತ್ತದೆ. ಬಿಟ್‌ಎಕ್ಸ್‌ನಲ್ಲಿ ಸದ್ದು ಏರಿದರೆ ಕಿವಿಗೇ ಗೊತ್ತಾಗುತ್ತದೆ. ಮೈಕ್ ಕಿತ್ತಿಟ್ಟೆ, ಲೂಪಿಗೆ ಅಕಸ್ಮಾತ್ ಟ್ರಾನ್ಸ್‌ಮಿಟ್ ಆದರೆ ಏನಾಗುತ್ತದೆ ಅಂತ ನೋಡುವ ಆಸೆ ನನಗಿಲ್ಲ.

ಮಾಳಿಗೆ ಮೇಲಿಂದ ಒಂದು ಗೆರೆ ಸಿಕ್ಕಿತು. ಲೂಪಿಗೆ ಮುಂದು ಹಿಂದು ಗೊತ್ತಾಗುವುದಿಲ್ಲ, ಗೆರೆ ಎರಡೂ ಕಡೆ ಹೋಗುತ್ತದೆ. ಆದ್ದರಿಂದ ತಂತಿಗಳಿಲ್ಲದ ಬಯಲು ಜಾಗಗಳಿಗೆ ಹೋಗಿ ಇನ್ನಷ್ಟು ಗೆರೆ ತೆಗೆದು ಫೋನಿನ ನಕಾಶೆಯಲ್ಲಿ ಎಳೆದೆ. ಗೆರೆಗಳು ಕೂಡಿದ್ದು ರೈಲು ಹಳಿಯ ದಿಕ್ಕಿನಲ್ಲಿ. ಸಹಜವಾಗಿ ಮೊದಲ ಅನುಮಾನ ಆ 25 ಕೆವಿ ತಂತಿಯ ಮೇಲೆ. ಆದರೆ ಗೂಡ್ಸ್ ಗಾಡಿ ಎಳೆದುಕೊಂಡು ಇಂಜಿನ್ ದಾಟಿದಾಗಲೂ ಗೊರ್ ಸದ್ದಿನಲ್ಲಿ ಒಂದಿಷ್ಟೂ ಏರಿಳಿತವಿಲ್ಲ. ಮೇಲಾಗಿ ನಮ್ಮ ಫೀಡರ್ ಹೋದಾಗ ಅದು ನಿಂತಿತ್ತು, ರೈಲಿನ ತಂತಿಗೂ ನಮ್ಮ ಫೀಡರಿಗೂ ಸಂಬಂಧವಿಲ್ಲ. ಉಳಿದದ್ದು ಹಳಿಯ ಈಚೆ ಬದಿಯ 11 ಕೆವಿ ಲೈನು.

ಲೈನಿನ ಕೆಳಗೆ ಬಿಟ್‌ಎಕ್ಸ್ ಹಿಡಿದು ನಡೆದರೆ ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ಎಲ್ಲಕ್ಕಿಂತ ಜೋರು ಟಿಸಿ (ಟ್ರಾನ್ಸ್‌ಫಾರ್ಮರ್) ಇರುವ ಜೋಡುಕಂಬದ ಹತ್ತಿರ, ಹೆಡ್‌ಫೋನ್ ಕಿತ್ತೆಸೆಯುವಷ್ಟು. ಇಲ್ಲೇ ಬಹಳ ಹ್ಯಾಮ್‌ಗಳು ಫೋಟೋ ಹೊಡೆದು ಅರ್ಜಿ ಬರೆಯುತ್ತಾರೆ. ಲೈನ್‌ಮನ್ ಬಂದು ಟಿಸಿಯ ನಟ್ಟು ಬೋಲ್ಟೆಲ್ಲ ಬಿಗಿದು ಹೋಗುತ್ತಾನೆ, ಸದ್ದು ಹಾಗೇ ಇರುತ್ತದೆ, ಮುಂದಿನ ಸಲ ಅವನು ಬರುವುದಿಲ್ಲ. ಜೋರು ಕೇಳುವ ಕಂಬವೇ ಸದ್ದು ಹುಟ್ಟುವ ಕಂಬ ಅನ್ನುವಂತಿಲ್ಲ. 7 ಮೆಗಾಹರ್ಟ್ಸ್ ಸದ್ದಿಗೆ ಲೈನಿನ ತಂತಿ ಒಂದು ಉದ್ದನೆಯ ಆಂಟೆನಾ, ಕಿಲೋಮೀಟರುಗಟ್ಟಲೆ ಹರಿದುಹೋಗುತ್ತದೆ. ಹೋಗುವ ಅಲೆಯೂ ಮರಳುವ ಅಲೆಯೂ ಕೂಡಿ ಸುಮಾರು 21 ಮೀಟರಿಗೊಂದರಂತೆ, ಅಂದರೆ ಅರ್ಧ ತರಂಗಕ್ಕೊಂದರಂತೆ, ಜೋರು ಜಾಗ ಮಾಡುತ್ತವೆ. ಟಿಸಿ ಕಂಬದಲ್ಲಿ ತಂತಿಗಳು ನೆಲದ ಕಡೆ ಇಳಿಯುತ್ತವಲ್ಲ, ಅಲ್ಲಿಂದ ಸದ್ದು ಚೆನ್ನಾಗಿ ಹೊರಬೀಳುತ್ತದೆ. ಹುಟ್ಟಿದ್ದು ಮಾತ್ರ ಬೇರೆಲ್ಲೋ.

ಅದಕ್ಕೆ ದಾರಿ ಒಂದೇ, ಹತ್ತಿರ ಹೋದಂತೆ ಫ್ರೀಕ್ವೆನ್ಸಿ ಏರಿಸುತ್ತ ಹೋಗುವುದು. 145 ಮೆಗಾಹರ್ಟ್ಸ್‌ನಲ್ಲಿ ಕಿಡಿಯ ಸದ್ದು ಬಲು ಕ್ಷೀಣ, ತಂತಿಯಲ್ಲಿ ಹೆಚ್ಚು ದೂರ ಹರಿಯುವುದೂ ಇಲ್ಲ. ಅಲ್ಲಿ ಕೇಳಿಸಿತು ಅಂದರೆ ಕಂಬ ಹತ್ತಿರವೇ ಇದೆ.

145ಕ್ಕೆ ಮೂರು ಎಲಿಮೆಂಟಿನ ಯಾಗಿ, ಅಂದರೆ ಒಂದೇ ದಿಕ್ಕಿಗೆ ಕಿವಿಯಿಡುವ ಆಂಟೆನಾ, ಬೇಕು, ಅದಕ್ಕೆ ಅಳತೆ ಟೇಪಿನ ಯಾಗಿಗಿಂತ ಅಗ್ಗದ್ದು ಇನ್ನೊಂದಿಲ್ಲ. ಅಮೆರಿಕದ ಹ್ಯಾಮ್‌ಗಳಲ್ಲಿ ಹುಟ್ಟಿ ಜಗತ್ತೆಲ್ಲ ಸುತ್ತಿದ ವಿನ್ಯಾಸ ಇದು. ಒಂದಿಂಚು ಅಗಲದ ಉಕ್ಕಿನ ಅಳತೆ ಟೇಪು ಕತ್ತರಿಸಿ: ರಿಫ್ಲೆಕ್ಟರ್ 105 ಸೆಂಟಿಮೀಟರ್, ಡ್ರಿವನ್ ಎಲಿಮೆಂಟಿಗೆ 45ರ ಎರಡು ತುಂಡು, ಡೈರೆಕ್ಟರ್ 89. ರಿಫ್ಲೆಕ್ಟರಿನಿಂದ ಡ್ರಿವನ್‌ಗೆ 20 ಸೆಂಟಿಮೀಟರ್ ಅಂತರ, ಅಲ್ಲಿಂದ ಡೈರೆಕ್ಟರಿಗೆ ಸುಮಾರು 32. ಡ್ರಿವನ್ ತುಂಡುಗಳ ನಡುವೆ ಒಂದಿಂಚು ಸಂದು, ಆ ಸಂದಿಗೆ ಅಡ್ಡಲಾಗಿ ಸುಮಾರು 13 ಸೆಂಟಿಮೀಟರ್ ತಂತಿಯನ್ನು ಹೇರ್‌ಪಿನ್ನಿನಂತೆ ಬಗ್ಗಿಸಿ ಬೆಸೆಯಬೇಕು, 50 ಓಮಿಗೆ ಹೊಂದಿಸುವುದು ಅದೇ. ಬೂಮಿಗೆ ಅರ್ಧ ಇಂಚಿನ ಪಿವಿಸಿ ಪೈಪು. ವಿನ್ಯಾಸದಲ್ಲಿ ಕ್ರಾಸ್ ಜಾಯಿಂಟು ಹಾಕಿದ್ದಾರೆ, ನಮ್ಮ ಪ್ಲಂಬಿಂಗ್ ಅಂಗಡಿಯಲ್ಲಿ ಅದು ಇರಲಿಲ್ಲ, ಟಿ ಜಾಯಿಂಟಿಗೆ ಹೋಸ್ ಕ್ಲಿಪ್ ಬಿಗಿದು ನಡೆಸಿದೆ.

ಕಷ್ಟ ಕೊಟ್ಟಿದ್ದು ಬೆಸುಗೆ. ಟೇಪಿನ ಹಳದಿ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಹೊಳೆಯುವವರೆಗೆ ಉಜ್ಜಿದರೂ 25 ವಾಟಿನ ಐರನ್ನಿಗೆ ಸೋಲ್ಡರ್ ಉಂಡೆಯಾಗಿ ಜಾರಿಬೀಳುತ್ತಿತ್ತು, ಅಷ್ಟುದ್ದದ ಉಕ್ಕು ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. 60 ವಾಟಿನದ್ದು ತಂದು, ಪೇಸ್ಟ್ ಧಾರಾಳ ಹಚ್ಚಿ, ಮೊದಲು ಟೇಪಿಗೆ ಬರೀ ಸೋಲ್ಡರ್ ಮೆತ್ತಿ, ಆಮೇಲೆ ಕೇಬಲ್ ಕೂಡಿಸಿದಾಗ ಹಿಡಿಯಿತು. ಉಜ್ಜಿದ ಜಾಗಕ್ಕೆ ಮತ್ತೆ ಬಣ್ಣ ಹಚ್ಚದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು.

ಇದರ ಹಿಂದೆ ಎಸ್‌ಡಿಆರ್ ಡಾಂಗಲ್ (ಫೋನಿಗೆ ಸಿಕ್ಕಿಸುವ ಪುಟ್ಟ ರಿಸೀವರು), ಒಟಿಜಿ ಕೇಬಲ್, ಫೋನು. ಮೋಡ್ ಎಎಂ, ಎಫ್‌ಎಂ ಅಲ್ಲ; ಎಫ್‌ಎಂ ರಿಸೀವರ್ ಸದ್ದಿನ ಏರಿಳಿತವನ್ನೇ ನುಂಗುವಂತೆ ಮಾಡಿದ್ದು. ಗೇನ್ ಕೈಯಿಂದ ಒಂದು ಕಡೆ ನಿಲ್ಲಿಸಬೇಕು. ನಡುವೆ ಸಿಗ್ನಲನ್ನು ಅಳತೆಯಂತೆ ಕುಗ್ಗಿಸುವ ಒಂದು ಅಟೆನುಯೇಟರ್: ಟಾಗಲ್ ಸ್ವಿಚ್ಚುಗಳ ಮೇಲೆ ಒಂದು 10 ಡಿಬಿ ಮನೆ, ಎರಡು 20 ಡಿಬಿ ಮನೆ. 20 ಡಿಬಿಗೆ ಆಚೀಚೆ 62 ಓಮಿನ ಎರಡು ರೆಸಿಸ್ಟರು, ನಡುವೆ 240ರದೊಂದು. 10ಕ್ಕೆ ಆಚೀಚೆ 100, ನಡುವೆ 68. ಡಬ್ಬಿ ತಗಡಿನದೇ ಆಗಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಟ್ಟಿದರೆ ಸದ್ದು ರೆಸಿಸ್ಟರನ್ನು ಬಿಟ್ಟು ಗಾಳಿಯಲ್ಲೇ ದಾಟಿಕೊಳ್ಳುತ್ತದೆ.

ಟಿಸಿ ಕಂಬದ ಕೆಳಗೆ ಯಾಗಿ ಎತ್ತಿದರೆ, 145ರಲ್ಲಿ ಏನೂ ಇಲ್ಲ. ಸುತ್ತ ತಿರುಗಿಸಿದಾಗ ಲೈನು ಹೋಗುವ ದಾರಿಯಲ್ಲಿ, ಹಳೆಯ ಜಿನ್ನಿಂಗ್ ಗೋಡೌನಿನ ಕಡೆಗೆ ಸಣ್ಣಗೆ ಗೊರ್. ಒಂದೊಂದೇ ಕಂಬ ದಾಟಿದಂತೆ ಏರಿತು, ಅಟೆನುಯೇಟರಿನ ಸ್ವಿಚ್ಚುಗಳು ಒಂದೊಂದೇ ಮೇಲೇರಿದವು. ಗೋಡೌನಿನ ಹಿಂದಿನ ಎರಡು ಕಂಬಗಳ ನಡುವೆ ನಿಂತಾಗ ಆ ಕಡೆಯೂ ಇದೆ, ಈ ಕಡೆಯೂ ಇದೆ ಅನ್ನಿಸಿತು. ಫೋನಿನಲ್ಲಿ ರೆಕಾರ್ಡ್ ಮಾಡಿ ಹಿಗ್ಗಿಸಿದರೆ ಐದು, ಮೂರು, ಐದು, ಮೂರು. ಮನೆಯಲ್ಲಿ ತೆಗೆದಿಟ್ಟ ಬೆರಳಚ್ಚೇ.

ಇಲ್ಲೊಂದು ಮಾತು ನಡುವೆಯೇ ಹೇಳಿಬಿಡುತ್ತೇನೆ. ಕಂಬಕ್ಕೆ ಸುತ್ತಿಗೆಯಿಂದ ಹೊಡೆದು ಸದ್ದು ಬದಲಾಗುತ್ತದಾ ನೋಡಿ ಅಂತ ಹಳೆಯ ಸಲಹೆಯೊಂದು ಹ್ಯಾಮ್‌ಗಳಲ್ಲಿ ಓಡಾಡುತ್ತಿದೆ. ಮಾಡಬೇಡಿ. ಸಡಿಲವಾದ ತಂತಿ ಅದೇ ಏಟಿಗೆ ತಲೆ ಮೇಲೆ ಬೀಳಬಹುದು. ಸ್ಟೇ ವೈರ್ ಮುಟ್ಟುವುದೂ ಬೇಡ. ಯಾಗಿಯನ್ನು ಎದೆಮಟ್ಟಕ್ಕಿಂತ ಮೇಲೆ ನಾನು ಎತ್ತಿದ್ದಿಲ್ಲ.

ಎರಡು ಕಂಬಗಳಲ್ಲಿ ಯಾವುದು, ಆ ಕಂಬದ ಮೇಲೆ ಯಾವ ಪಿಂಗಾಣಿ ಅನ್ನುವುದಕ್ಕೆ ರೇಡಿಯೋ ಸಾಲದು. ಕಿಡಿ ಗಾಳಿಯಲ್ಲಿ ಹಾರುವಾಗ 40 ಕಿಲೋಹರ್ಟ್ಸ್ ಸುತ್ತಮುತ್ತ ಕಿವಿಗೆ ಕೇಳದ ಶಬ್ದವನ್ನೂ ಮಾಡುತ್ತದೆ. ಅದು ತಂತಿ ಹಿಡಿದು ಓಡುವುದಿಲ್ಲ, ಗೋಡೆ ತೂರುವುದಿಲ್ಲ, ಕಂಡಷ್ಟೇ ದೂರ. ಅದನ್ನು ಹಿಡಿಯಲು ಮಾಳಿಗೆ ಮೇಲೆ ಬಿದ್ದಿದ್ದ ಹಳೆಯ ಡಿಟಿಎಚ್ ತಟ್ಟೆ ಇಳಿಸಿದೆ. 40 ಕಿಲೋಹರ್ಟ್ಸ್ ಶಬ್ದದ ತರಂಗ ಎಂಟೂವರೆ ಮಿಲಿಮೀಟರ್ ಉದ್ದ, ಡಿಟಿಎಚ್ ಸಿಗ್ನಲಿನ ಎರಡೂವರೆ ಸೆಂಟಿಮೀಟರಿಗಿಂತಲೂ ಗಿಡ್ಡ. ಆದರೂ ತಟ್ಟೆಯ ನುಣುಪು ಸಾಕಾಗುತ್ತದೆ, 60 ಸೆಂಟಿಮೀಟರ್ ತಟ್ಟೆಗೆ ಒಂದು ಡಿಗ್ರಿ ಆಸುಪಾಸಿನ ಚೂಪು ಬರುತ್ತದೆ.

ಎಲ್‌ಎನ್‌ಬಿ (ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ) ಕಿತ್ತು ಆ ಜಾಗಕ್ಕೆ ಎಚ್‌ಸಿ-ಎಸ್‌ಆರ್04 ದೂರ ಅಳೆಯುವ ಮಾಡ್ಯೂಲಿನಿಂದ ಆರ್ ಅಂತ ಬರೆದ ಕ್ಯಾಪ್ಸೂಲನ್ನು ಬಿಡಿಸಿ ಹಚ್ಚಿದೆ. ಹಿಂದೆ ಟಿಎಲ್072ರ ಎರಡು ಹಂತದ ಆಂಪ್ಲಿಫೈಯರ್, ಆಮೇಲೆ ಸಿಡಿ4066 ಸ್ವಿಚ್ಚನ್ನೇ ಮಿಕ್ಸರ್ ಮಾಡಿ ಅದಕ್ಕೆ 555ರಿಂದ 39 ಕಿಲೋಹರ್ಟ್ಸ್ ಕೊಟ್ಟದ್ದು, ಕೊನೆಗೆ ಎಲ್‌ಎಂ386 ಹೆಡ್‌ಫೋನಿಗೆ. 40ರಲ್ಲಿ ಬಂದದ್ದು 1 ಕಿಲೋಹರ್ಟ್ಸ್ ಆಗಿ ಕೇಳುತ್ತದೆ. (555ರ ಚೌಕ ಅಲೆ 39 ಕಿಲೋಹರ್ಟ್ಸ್‌ಗೊಂದರಂತೆ 7 ಮೆಗಾಹರ್ಟ್ಸ್‌ವರೆಗೂ ಕೂಗುತ್ತದೆ. ಇದು ಚಾಲೂ ಇದ್ದಾಗ ಬಿಟ್‌ಎಕ್ಸ್ ಆಫ್ ಮಾಡಿಡುವುದು ಕ್ಷೇಮ.)

ಡಿಟಿಎಚ್ ತಟ್ಟೆಗೆ ಒಂದು ವಕ್ರ ಗುಣ ಇದೆ, ಅದು ನೋಡಿದ ಕಡೆ ಗುರಿ ಇರುವುದಿಲ್ಲ. ಎಲ್‌ಎನ್‌ಬಿ ಕೆಳಗಡೆ ಇರುವುದರಿಂದ ಗುರಿ ತಟ್ಟೆಯ ಮುಖಕ್ಕಿಂತ 20 ಡಿಗ್ರಿಗೂ ಹೆಚ್ಚು ಮೇಲಿರುತ್ತದೆ. ಹಾಗಾಗಿ ತಟ್ಟೆಗೆ ದುರ್ಬೀನಿನ ಕೆಲಸಕ್ಕೆ ವೈರಿಂಗ್ ಪೈಪಿನ ತುಂಡೊಂದು ಕಟ್ಟಬೇಕಿತ್ತು. ಮಗನನ್ನು ಓಣಿಯ ಆ ತುದಿಗೆ ನಿಲ್ಲಿಸಿ ಕೀಲಿಕೈ ಗೊಂಚಲು ಅಲ್ಲಾಡಿಸು ಅಂದೆ. ಕೀಲಿಕೈಗಳ ಝಣಝಣದಲ್ಲಿ 40 ಕಿಲೋಹರ್ಟ್ಸ್ ಬೇಕಾದಷ್ಟಿದೆ. ಹೆಡ್‌ಫೋನಿನಲ್ಲಿ ಅತಿ ಜೋರಾದ ಕಡೆ ತಟ್ಟೆ ನಿಲ್ಲಿಸಿ, ಪೈಪಿನ ತೂತಿನಲ್ಲಿ ಅವನ ಕೈ ಕಾಣುವಂತೆ ಹೊಂದಿಸಿ, ಟೈ ಬಿಗಿದೆ.

ಗೋಡೌನಿನ ಹಿಂದೆ ತಟ್ಟೆ ಹಿಡಿದು ನಿಂತರೆ ಜನ ಸುಮ್ಮನೆ ಬಿಡುತ್ತಾರೆಯೇ? "ಡಿಶ್ ಹಚ್ಚಾವ್ರೇನ್ರಿ? ನಮ್ಮ ಮನ್ಯಾಗೂ ಎರಡ್ ಚಾನಲ್ ಬರವಲ್ವು, ನೋಡಿ ಹೋಗ್ರಿ" ಅಂತ ಅಜ್ಜಿಯೊಬ್ಬರು ಅಲ್ಲಿಂದ ಕದಲಲೇ ಇಲ್ಲ. ಕಂಬದಲ್ಲಿ ಕಿಡಿ ಹುಡುಕುತ್ತಿದ್ದೇನೆ ಅಂದಾಗ, "ಹಂಗಾರ ರಾತ್ರಿ ಬರ್ರಿ, ಆ ಕಂಬದ ಮ್ಯಾಲ ನೀಲಿ ಬೆಳಕ ಕಾಣತೈತಿ" ಅಂದರು. ಅಜ್ಜಿ ಬೊಟ್ಟು ಮಾಡಿದ ಕಂಬದ ಕಡೆಗೇ ತಟ್ಟೆ ತಿರುಗಿಸಿದೆ. ಕ್ರಾಸ್ ಆರ್ಮಿನ ಎಡತುದಿಯ ಪಿಂಗಾಣಿಯಲ್ಲಿ ಏನಿಲ್ಲ, ನಡುವಿನದರಲ್ಲಿ ಇಲ್ಲ, ಬಲತುದಿಗೆ ಬಂದಾಗ ಚರ್‌ಚರ್ ಅಂತ ಹೆಡ್‌ಫೋನ್ ತುಂಬಿತು. ಒಂದು ಕೂದಲಷ್ಟು ಸರಿಸಿದರೆ ಇಲ್ಲ.

ಸೆಕ್ಷನ್ ಆಫೀಸಿಗೆ ಅರ್ಜಿ ಬರೆಯುವಾಗ ರೇಡಿಯೋದ ಮಾತು ಎತ್ತಲಿಲ್ಲ. ಇದನ್ನು ಹೇಳಿಕೊಟ್ಟವರು ಲೈನ್‌ಮನ್ ಅಣ್ಣಾರೇ. "ರೇಡಿಯೋ ಸಲುವಾಗಿ ಎಲ್‌ಸಿ ಕೊಡಂಗಿಲ್ರಿ. ಕಂಬದ ಮ್ಯಾಲ ಕಿಡಿ ಹಾರಾಕತ್ತೈತಿ ಅಂತ ಬರೀರಿ, ಹತ್ತತೀನಿ." (ಎಲ್‌ಸಿ ಅಂದರೆ ಲೈನ್ ಬಂದ್ ಮಾಡಿ ಕೆಲಸ ಮಾಡಲು ಕೊಡುವ ಅನುಮತಿ.) ಸುಳ್ಳೇನಲ್ಲ. ಕಿಡಿ ಹಾರುವ ಜೋಡಣೆ ಇವತ್ತಲ್ಲ ನಾಳೆ ಸುಟ್ಟು ತಂತಿ ಬೀಳಿಸುವಂಥದ್ದೇ. ಟಿಸಿ ನಂಬರು, ಅಲ್ಲಿಂದ ಎಷ್ಟನೇ ಕಂಬ, ಗೋಡೌನಿನ ಯಾವ ಮೂಲೆ, ಬಲತುದಿಯ ಪಿನ್ ಇನ್ಸುಲೇಟರು, ಇಷ್ಟು ಬರೆದು ಫೋಟೋದಲ್ಲಿ ಕೆಂಪು ವೃತ್ತ ಹಾಕಿ ಕೊಟ್ಟೆ. ಅರ್ಜಿ ಕೊಟ್ಟಲ್ಲಿಂದ ಅಣ್ಣಾರು ಕಂಬ ಹತ್ತುವವರೆಗೆ ಆದ ತಿರುಗಾಟ ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ.

ಎಲ್‌ಸಿ ತಗೊಂಡು, ಅರ್ಥ್ ಹಾಕಿ, ಅಣ್ಣಾರು ಮೇಲೆ ಹೋದರು. ರ‍್ಯಾಬಿಟ್ ಅನ್ನುವ ಲೈನ್ ತಂತಿಯನ್ನು ಪಿಂಗಾಣಿಯ ಕೊರಳಿಗೆ ಕಟ್ಟುವ ಅಲ್ಯುಮಿನಿಯಂ ಬೈಂಡಿಂಗ್ ವೈರು ಒಂದು ಕಡೆ ಬಿಚ್ಚಿಕೊಂಡು, ಗಾಳಿಗೆ ತಂತಿ ಅದರ ಮೇಲೆ ಉಜ್ಜಾಡುತ್ತಿತ್ತು. ಕೆಳಗೆ ಎಸೆದ ತುಂಡನ್ನು ಎತ್ತಿ ನೋಡಿದೆ. ಒಂದು ಮಗ್ಗುಲಿಗೆ ಬೂದಿಬಿಳಿ ಪುಡಿ ಕಟ್ಟಿತ್ತು, ಆ ಪುಡಿಯ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಕರಿ ಕುಳಿಗಳು, ಬೆರಳಿಗೆ ಒರಟು. ಎಳೆಯೊಂದು ಅರ್ಧದಷ್ಟು ತಿಂದುಹೋಗಿ ಚೂಪಾಗಿತ್ತು. ಹೊಸ ಬೈಂಡಿಂಗ್ ಸುತ್ತಿ ಇಳಿದರು, ಲೈನ್ ಚಾಲೂ ಆಯಿತು. 145ರಲ್ಲಿ ಯಾಗಿ ಹಿಡಿದು ಕೇಳಿದರೆ ಬರೀ ರಿಸೀವರಿನ ಹಿಸ್. "ಆತೇನ್ರಿ ನಿಮ್ಮ ಆಕಾಶವಾಣಿ?" ಅಂದರು ಅಣ್ಣಾರು.

ಮನೆಗೆ ಬಂದಾಗ ಮುಳ್ಳು 6ರಲ್ಲಿತ್ತು, ಅದೂ ಹಣಿಗೆಯ ಹಲ್ಲುಗಳ ಮೇಲೆ ಮಾತ್ರ; ಹಲ್ಲುಗಳ ನಡುವೆ 3.

ಹಲ್ಲಿನ ಮೂಲ ಹಿಡಿಯಲು ಇಷ್ಟು ಸಾಹಸ ಬೇಕಾಗಲಿಲ್ಲ. ನಸುಕಿಗೆ ಎದ್ದು ಲೂಪ್ ತಿರುಗಿಸಿದರೆ ಗೆರೆ ನಮ್ಮ ಮನೆ ಹಿಂದಿನ ಕೈಮಗ್ಗದ ಶೆಡ್ಡಿನ ಮೇಲೆ ಹಾದಿತ್ತು, ಅಲ್ಲಿ ಲೈಟು ಹತ್ತಿದ ಗಳಿಗೆಗೇ ಹಲ್ಲುಗಳು ಏಳುತ್ತಿದ್ದವು. ಶೆಡ್ಡಿನ ನೇಕಾರ ಕಾಕಾ ಮೊದಲೇ ಹೇಳಿಬಿಟ್ಟರು: "ತಮ್ಮಾ, ಲೈಟಿದ್ರ ನಿನ್ನ ರೇಡಿಯೋ ಕೆಡತೈತಿ, ಲೈಟ್ ತಗದ್ರ ನನ್ನ ಸೀರಿ ಕೆಡತೈತಿ. ಏನ್ ಮಾಡ್ತಿ ನೋಡು." ಬೆರಳಗಲದ ಚಿಕ್ಕ ಲೂಪನ್ನು ಬಿಟ್‌ಎಕ್ಸ್‌ಗೆ ಹಚ್ಚಿ ಒಂದೊಂದು ಟ್ಯೂಬಿನ ವೈರಿಗೂ ಮೂಸಿದೆ. ಸಾಲಿನಲ್ಲಿ ಹೊಸದಾಗಿ ಹಾಕಿದ ಒಂದೇ ಟ್ಯೂಬು ಕೂಗುತ್ತಿತ್ತು.

ಅದನ್ನು ಬದಲಿಸಿ ಕೊಟ್ಟು, ಹಳೆಯದನ್ನು ತಂದು ಬಿಚ್ಚಿದೆ. ಡ್ರೈವರ್ ಬೋರ್ಡಿನ ಮೇಲೆ ಕರೆಂಟು ಬರುವ ತುದಿಯಲ್ಲಿ ಸಿಎಕ್ಸ್1 ಅಂತ ಅಚ್ಚಾಗಿದೆ, ಕಾಲು ತೂರಿಸಲು ತೂತು ಇದೆ, ಕೆಪಾಸಿಟರ್ ಇಲ್ಲ. ಪಕ್ಕದಲ್ಲಿ ಚೋಕಿಗೆ ನಾಲ್ಕು ತೂತು, ಅಲ್ಲಿ ಚೋಕಿನ ಬದಲು ಎರಡು ತಂತಿ ತುಂಡು. ಸದ್ದು ಹೊರಬೀಳದಂತೆ ತಡೆಯಲು ಇವೆರಡೂ ಬೇಕು ಅಂತ ವಿನ್ಯಾಸ ಮಾಡಿದವನಿಗೆ ಗೊತ್ತಿತ್ತು, ದುಡ್ಡು ಉಳಿಸಿದವನು ತೆಗೆಸಿದ. ಟ್ಯೂಬಿನ ಒಳಗೆ ಜಾಗವಿಲ್ಲ, ಆದ್ದರಿಂದ ಹೊರಗೊಂದು ಡಬ್ಬಿ ಮಾಡಿದೆ. ಸತ್ತ ಕಂಪ್ಯೂಟರಿನ ಎಸ್‌ಎಂಪಿಎಸ್‌ನಲ್ಲಿ ಎರಡೂ ಸಿಗುತ್ತವೆ: ಒಳಬರುವ ಕಡೆಯ ಎರಡು ಸುರುಳಿಯ ಚೋಕು, 0.1 ಮೈಕ್ರೋಫ್ಯಾರಡಿನ ಎಕ್ಸ್2 ಕೆಪಾಸಿಟರು. ಎಕ್ಸ್2 ಅಂತ ಬರೆದದ್ದೇ ಬೇಕು, ಮಾಮೂಲಿ ಕೆಪಾಸಿಟರ್ 230 ವೋಲ್ಟಿಗೆ ಅಡ್ಡ ಹಾಕಿದರೆ ಬೆಂಕಿಗೆ ಆಹ್ವಾನ. ಬಿಚ್ಚುವ ಮೊದಲು ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರುಗಳನ್ನು ಖಾಲಿ ಮಾಡಿ. ಡಬ್ಬಿ ಸೇರಿಸಿದ ಮೇಲೆ ಅದೇ ಟ್ಯೂಬು ನನ್ನ ಟೇಬಲ್ ಮೇಲೇ ಉರಿಯುತ್ತಿದೆ, ಹಲ್ಲುಗಳು ಹಿಸ್ ಸದ್ದಿನ ಮಟ್ಟಕ್ಕೆ ಬಂದಿವೆ.

ಈಗ ಬೆಳಗಿನ ಮುಳ್ಳು 3. ಒಂದು ಎಸ್ ಅಂದರೆ 6 ಡಿಬಿ ಅನ್ನುವ ಲೆಕ್ಕದಲ್ಲಿ 9ರಿಂದ 3ಕ್ಕೆ 36 ಡಿಬಿ, ಶಕ್ತಿಯಲ್ಲಿ ಸುಮಾರು 4,000 ಪಟ್ಟು. ರಿಗ್ಗುಗಳ ಮೀಟರು ಈ ಲೆಕ್ಕವನ್ನು ಪೂರ್ತಿ ಪಾಲಿಸುವುದಿಲ್ಲ, ಅದರಲ್ಲಿ ಅರ್ಧ ನಂಬಿದರೂ ಸಾಕು. ಆಷಾಢದ ಗಾಳಿ ಇಷ್ಟು ಬೀಸಿದರೂ ಗೊರ್ ಮರಳಿಲ್ಲ.

ಉಳಿದಿರುವುದು ಒಂದು. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ 14 ಮೆಗಾಹರ್ಟ್ಸ್ ಕಡೆ ಒಂದು ಸಣ್ಣ ಕೀರಲು, ಮೋಡ ಅಡ್ಡ ಬಂದರೆ ದನಿ ಬದಲಾಗುತ್ತಿತ್ತು. ಲೂಪಿನ ಗೆರೆ ಊರಾಚೆಯ ಹೊಲವೊಂದರ ಸೋಲಾರ್ ಪಂಪಿನ ಕಡೆ ತೋರಿಸಿತ್ತು. ಪ್ಯಾನೆಲ್ಲಿನಿಂದ ಕಂಟ್ರೋಲರಿಗೆ ಬರುವ ಉದ್ದನೆಯ ಡಿಸಿ ವೈರುಗಳೇ ಆಂಟೆನಾ ಆಗಿರಬೇಕು. 31 ನಂಬರ್ ಫೆರೈಟ್ ರಿಂಗು ತರಿಸಿಟ್ಟಿದ್ದೇನೆ. ವೈರನ್ನು ರಿಂಗಿನೊಳಗೆ ಒಂದು ಸಲ ತೂರಿಸಿ ಬಿಟ್ಟರೆ ಪ್ರಯೋಜನ ಅಷ್ಟಕ್ಕಷ್ಟೇ, ಸುತ್ತು ಹೆಚ್ಚಿದಂತೆ ತಡೆ ವರ್ಗದ ಲೆಕ್ಕದಲ್ಲಿ ಏರುತ್ತದೆ, ಕೂಡಿ ಹೋಗುವ ಎರಡೂ ವೈರನ್ನು ಒಟ್ಟಿಗೆ ಏಳೆಂಟು ಸುತ್ತು ಸುತ್ತಬೇಕು. ಹೊಲದ ಯಜಮಾನರನ್ನು ಕೇಳಿದ್ದಕ್ಕೆ, "ಮಳಿ ಹಿಡದೈತ್ರಿ, ಪಂಪ್ ಚಾಲೂ ಮಾಡೂದಿಲ್ಲ. ಹಿಂಗಾರಿ ಬಿತ್ತಿದ ಮ್ಯಾಲ ಬರ್ರಿ, ನೀವ ಸುತ್ತ್ರಿ" ಅಂದಿದ್ದಾರೆ.